ಲಿವರ್ ಹಿಡಿದ ಕೈ, ಮರ ಹಿಡಿದ ಕೈ

ವಿಭಕ್ತಿ ಪ್ರತ್ಯಯಗಳ ಪಾಠ ತೃತೀಯಾಕ್ಕೆ ಬಂದಾಗ ನಮ್ಮ ಶಾಲೆಗಳಲ್ಲಿ ಕೇಳಿಸುವ ಉದಾಹರಣೆ ಹೆಚ್ಚುಕಡಿಮೆ ಒಂದೇ: ರಾಮನು ಕೊಡಲಿಯಿಂದ ಮರವನ್ನು ಕಡಿದನು. ರಾಮ ಕರ್ತೃ, ಮರ ಕರ್ಮ, ಕೊಡಲಿ ಕರಣ. ನ್ಯಾಯಶಾಸ್ತ್ರ ಓದಲು ಕೂತವರಿಗೂ ಈ ಕೊಡಲಿಯಿಂದ ಬಿಡುಗಡೆ ಇಲ್ಲ. ಕರಣ ಎಂದರೇನು ಎಂದು ವಿವರಿಸುವಾಗ ಅಲ್ಲಿಯೂ ಕೊಡಲಿ ಬರುತ್ತದೆ, ಮರ ಬರುತ್ತದೆ, ಅವೆರಡರ ನಡುವಿನ ಸಂಯೋಗ ಬರುತ್ತದೆ, ಕೊನೆಗೆ ಸೀಳುವಿಕೆ ಎಂಬ ಫಲ ಬರುತ್ತದೆ. ಸೌದೆ ಒಡೆಯುವುದು ಎಲ್ಲರೂ ಕಂಡಿದ್ದ ಕೆಲಸವಾದ್ದರಿಂದ ಪಂಡಿತರಿಗೆ ಅದು ಅನುಕೂಲದ ಉದಾಹರಣೆಯಾಗಿರಬೇಕು. ಅಲ್ಲಿ ಮಾಡುವವನು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಈಗ ಆ ವಾಕ್ಯದಿಂದ ಕೊಡಲಿಯನ್ನು ತೆಗೆದು ಅದರ ಜಾಗದಲ್ಲಿ ಟ್ರ್ಯಾಕ್ಟರಿನ ಲೋಡರ್‌ಗೆ ಜೋಡಿಸುವ ಹೈಡ್ರಾಲಿಕ್ ಸೀಳುಯಂತ್ರವನ್ನು ಇಟ್ಟು ನೋಡೋಣ. ವ್ಯಾಕರಣಕ್ಕೆ ಯಾವ ತೊಂದರೆಯೂ ಆಗುವುದಿಲ್ಲ. ಯಂತ್ರಕ್ಕೂ 'ಇಂದ' ಹತ್ತುತ್ತದೆ, ರಾಮ ಕರ್ತೃವಾಗಿಯೇ ಉಳಿಯುತ್ತಾನೆ. ಆದರೆ ಮರದ ದಿಮ್ಮಿಯನ್ನು ಸರಿಯಾಗಿ ನಿಲ್ಲಿಸಲು ಪಕ್ಕದಲ್ಲಿ ಇನ್ನೊಬ್ಬ ನಿಂತಿದ್ದಾನೆ, ಅವನ ಕೈ ದಿಮ್ಮಿಯ ಮೇಲಿದೆ ಎಂದುಕೊಳ್ಳಿ. ಆ ಕೈಗೆ ಯಾರು ಹೊಣೆ? ಯಂತ್ರವೇ, ಅದನ್ನು ತಯಾರಿಸಿದವರೇ, ಕೈ ಇಟ್ಟವನೇ, ಲಿವರ್ ಹಿಡಿದವನೇ? ಈ ಪ್ರಶ್ನೆಗೆ ಕೊಡಲಿಯ ಕಾಲದ ಉತ್ತರ ಸಾಲುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ನಾನು ಸಂಶೋಧನೆಗಾಗಿ ಇರುವುದು ಜರ್ಮನಿಯ ನೈಋತ್ಯ ಮೂಲೆಯ ಫ್ರೈಬರ್ಗ್ ಬಳಿಯ ಒಂದು ಹಳ್ಳಿಯಲ್ಲಿ. ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳು ಮನೆಯ ಹಿಂದಿನಿಂದಲೇ ಶುರುವಾಗುತ್ತವೆ. ಇಲ್ಲಿನ ಅನೇಕ ರೈತರಿಗೆ ಹುಲ್ಲುಗಾವಲಿನ ಜೊತೆಗೆ ಸ್ವಂತ ಕಾಡೂ ಇದೆ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಇವತ್ತಿಗೂ ಸೌದೆ ಉರಿಸುವವರು ಬಹಳ. ಸೌದೆ ಮಾರುವುದು 'ಸ್ಟೆರ್' ಲೆಕ್ಕದಲ್ಲಿ; ಅಂದರೆ ಒಂದು ಮೀಟರ್ ಉದ್ದ, ಅಗಲ, ಎತ್ತರಕ್ಕೆ ಪೇರಿಸಿದ ರಾಶಿ. ಹಸಿ ಮರ ಉರಿಸುವಂತಿಲ್ಲ. ಸೌದೆಯ ತೇವ ಶೇಕಡಾ 25ಕ್ಕಿಂತ ಕಡಿಮೆ ಇರಬೇಕೆಂದು ಇಲ್ಲಿ ಕಾನೂನೇ ಇದೆ. ಇಡೀ ದಿಮ್ಮಿ ತೊಗಟೆಯೊಳಗೆ ನೀರು ಹಿಡಿದುಕೊಂಡು ಕೂರುತ್ತದೆ, ಸೀಳಿದರೆ ಮಾತ್ರ ಬೇಗ ಒಣಗುತ್ತದೆ. ಹೀಗಾಗಿ ಸೀಳುವುದು ಒಂದು ವರ್ಷ, ಎರಡು ವರ್ಷ ಮೊದಲೇ ಮುಗಿಯಬೇಕಾದ ಕೆಲಸ.

ಹೆಚ್ಚಿನ ಸೀಳುಯಂತ್ರಗಳನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟುತ್ತಾರೆ. ಮುಂದಿನ ಲೋಡರ್‌ಗೆ ಜೋಡಿಸುವ ಬಗೆ ಬೇರೆ. ಮಣ್ಣು ಎತ್ತುವ ಬಕೆಟ್ ಕಳಚಿ, ಆ ಜಾಗಕ್ಕೆ ಸೀಳುಯಂತ್ರ ಸಿಕ್ಕಿಸಿ, ಎರಡು ಹೋಸ್ ಪೈಪು ಜೋಡಿಸಿದರೆ ಟ್ರ್ಯಾಕ್ಟರಿನ ಪಂಪಿನಿಂದಲೇ ಎಣ್ಣೆ ಹರಿಯುತ್ತದೆ. ಚಾಲಕ ಸೀಟಿನಲ್ಲಿ ಕೂತೇ ಲೋಡರಿನ ತೋಳನ್ನು ಇಳಿಸಿ, ನೆಲದಲ್ಲಿ ಬಿದ್ದಿರುವ ದಿಮ್ಮಿಯನ್ನು ಬೆಣೆಗೂ ಎದುರಿನ ಹಲಗೆಗೂ ನಡುವೆ ಹಿಡಿದು ಸೀಳಬಹುದು. ಇಬ್ಬರು ಸೇರಿದರೂ ಎತ್ತಲಾಗದ ಬೀಚ್ ಮರದ ದಿಮ್ಮಿಯನ್ನು ಯಂತ್ರವೇ ಎತ್ತಿಕೊಳ್ಳುತ್ತದೆ. ಸೊಂಟ ಉಳಿಯಿತು ಎಂದು ವಯಸ್ಸಾದ ರೈತರು ಹೇಳುವುದು ಸುಳ್ಳಲ್ಲ. ಯಂತ್ರವನ್ನು ಬೈಯುವುದು ನನ್ನ ಉದ್ದೇಶವೂ ಅಲ್ಲ. ಕೊಡಲಿ ಬೀಸಿ ಭುಜ ಕಳೆದುಕೊಂಡವರ ಮುಂದೆ ಅದು ಸೌದೆ ಕೊಂಡು ಉರಿಸುವವನ ಬಾಯಿಗೆ ಒಪ್ಪುವ ಮಾತಲ್ಲ.

ಈ ಯಂತ್ರದ ಬಲ ಎಷ್ಟು? ಸಿಲಿಂಡರಿನ ಒಳವ್ಯಾಸ 10 ಸೆಂಟಿಮೀಟರ್, ಎಣ್ಣೆಯ ಒತ್ತಡ 175 ಬಾರ್ ಎಂದಿಟ್ಟುಕೊಂಡರೆ ಬೆಣೆಯ ಹಿಂದೆ ಸುಮಾರು 14 ಟನ್ ಭಾರದಷ್ಟು ಬಲವಿರುತ್ತದೆ. ಮುಚ್ಚಿದ ದ್ರವದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪಾಸ್ಕಲ್ ಹದಿನೇಳನೇ ಶತಮಾನದಲ್ಲಿ ಕಂಡುಕೊಂಡ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದನ್ನೇ ಬಳಸಿದ ಪ್ರೆಸ್ಸಿಗೆ ಪೇಟೆಂಟ್ ಪಡೆದ. ಅಲ್ಲಿಂದ ಇಲ್ಲಿಯವರೆಗೆ ತತ್ತ್ವ ಬದಲಾಗಿಲ್ಲ. ವೇಗ ಎಷ್ಟು ಎಂದು ಕೇಳಿದರೆ ಮಾತ್ರ ಆಶ್ಚರ್ಯವಾಗುತ್ತದೆ. ಪಂಪು ನಿಮಿಷಕ್ಕೆ 45 ಲೀಟರ್ ಎಣ್ಣೆ ತಳ್ಳಿದರೆ ಅದೇ ಸಿಲಿಂಡರಿನ ಬೆಣೆ ಸೆಕೆಂಡಿಗೆ ಒಂಬತ್ತೂವರೆ ಸೆಂಟಿಮೀಟರ್ ಮುಂದೆ ಹೋಗುತ್ತದೆ. ಇರುವೆಗಿಂತ ಜೋರು, ನಡೆಯುವ ಮನುಷ್ಯನಿಗಿಂತ ಎಷ್ಟೋ ನಿಧಾನ.

ಮೋಸ ಇರುವುದು ಈ ನಿಧಾನದಲ್ಲಿ. ನಮ್ಮ ಕಣ್ಣು ಅಪಾಯವನ್ನು ವೇಗದಿಂದ ಅಳೆಯುತ್ತದೆ. ಬೀಸಿ ಬರುವ ಕೊಡಲಿಯನ್ನು ಕಂಡರೆ ಮಗು ಕೂಡ ಹಿಂದೆ ಸರಿಯುತ್ತದೆ. ಮೆಲ್ಲಗೆ ಬರುವ ಬೆಣೆಯನ್ನು ಕಂಡಾಗ ಕೈ ತೆಗೆಯಲು ಬೇಕಾದಷ್ಟು ಸಮಯವಿದೆ ಎಂದು ದೊಡ್ಡವರಿಗೂ ಅನ್ನಿಸುತ್ತದೆ. ಏನೋ ತಪ್ಪಾಯಿತು ಎಂದು ತಿಳಿದು ದೇಹ ಅಲುಗಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೆಣೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಮುಂದೆ ಬಂದಿರುತ್ತದೆ. ಒಂದು ಬೆರಳಿನ ದಪ್ಪ ಅದಕ್ಕಿಂತ ಕಡಿಮೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದದ್ದು. ಹೈಡ್ರಾಲಿಕ್ ಪಂಪು ಕೊಡುವುದು ಎಣ್ಣೆಯ ಹರಿವನ್ನು. ಒತ್ತಡ ಹುಟ್ಟುವುದು ಎದುರಿಗೆ ಏನಾದರೂ ತಡೆದಾಗ. ಗಂಟು ಬಿದ್ದ ಮರ ತಡೆದರೆ ಒತ್ತಡ ಏರುತ್ತದೆ, ಎಂಜಿನ್ನಿನ ದನಿ ಭಾರವಾಗುತ್ತದೆ, ಸೀಟಿನಲ್ಲಿ ಕೂತವನಿಗೆ ಅದು ಕೇಳುತ್ತದೆ. ಮನುಷ್ಯನ ಬೆರಳು ಬೀಚ್ ಮರದಷ್ಟು ತಡೆಯುವುದಿಲ್ಲ. ಎಂಜಿನ್ನಿನ ದನಿ ಬದಲಾಗುವುದಿಲ್ಲ. ಗಂಟು ಸಿಕ್ಕಿದ್ದು ಯಂತ್ರಕ್ಕೆ ತಿಳಿಯುತ್ತದೆ, ಬೆರಳು ಸಿಕ್ಕಿದ್ದು ತಿಳಿಯುವುದೇ ಇಲ್ಲ.

ಕೊಡಲಿಯಲ್ಲಿ ಹೀಗಿರಲಿಲ್ಲ. ಬೀಸುವ ಬಲ ಯಾವ ಮೈಯಿಂದ ಬರುತ್ತಿತ್ತೋ ಅದೇ ಮೈಗೆ ಪೆಟ್ಟಿನ ಮರುಪೆಟ್ಟೂ ತಾಗುತ್ತಿತ್ತು. ಎಳೆ ಎಲ್ಲಿ ಬಿಟ್ಟುಕೊಡುತ್ತದೆ, ಗಂಟು ಎಲ್ಲಿದೆ ಎಂದು ಅಂಗೈ ಹೇಳುತ್ತಿತ್ತು. ಮೈ ದಣಿದರೆ ಕೆಲಸ ನಿಲ್ಲುತ್ತಿತ್ತು. ಯಾರೂ ನಿಲ್ಲಿಸು ಎನ್ನಬೇಕಿರಲಿಲ್ಲ. ಹೆಚ್ಚಾಗಿ ಕೊಡಲಿ ಜಾರಿ ಬೀಳುತ್ತಿದ್ದದ್ದು ಬೀಸಿದವನ ಕಾಲಿನ ಮೇಲೆಯೇ. ಇಬ್ಬರು ಸೇರಿ ಮಾಡುವ ಕೆಲಸಗಳೂ ಇದ್ದವು, ನಿಜ. ಮಲೆನಾಡಿನಲ್ಲಿ ದೊಡ್ಡ ಕುಂಟೆ ಒಡೆಯುವಾಗ ಒಬ್ಬ ಬೆಣೆ ಹಿಡಿದು ನಿಲ್ಲಿಸಿ ಇನ್ನೊಬ್ಬ ಸುತ್ತಿಗೆ ಹೊಡೆಯುವುದುಂಟು. ಅಲ್ಲಿಯೂ ಒಬ್ಬನ ಕೈ ಇನ್ನೊಬ್ಬನ ಬಲದ ಕೆಳಗಿತ್ತು. ಆದರೆ ಇಬ್ಬರ ನಡುವೆ ಒಂದು ಮಾರು ದೂರವಿರುತ್ತಿತ್ತು, ಉಸಿರು ಕೇಳುತ್ತಿತ್ತು. ಪ್ರತಿ ಪೆಟ್ಟಿಗೂ ಹೊಡೆಯುವವನು ಮತ್ತೆ ಸುತ್ತಿಗೆ ಎತ್ತಬೇಕಿತ್ತು. ಎತ್ತುವಾಗ ಒಮ್ಮೆ ನೋಡಲು ಬಿಡುವಿತ್ತು. ಲೋಡರಿನಲ್ಲಿ ಕೂತವನು ಎತ್ತಬೇಕಾದ್ದು ಏನೂ ಇಲ್ಲ. ಎಂಜಿನ್ನಿನ ಸದ್ದು, ಕ್ಯಾಬಿನ್ನಿನ ಗಾಜು, ಕಣ್ಣಿಗೆ ಅಡ್ಡ ಬರುವ ಲೋಡರಿನ ತೋಳು, ಅದರಾಚೆ ದಿಮ್ಮಿ, ದಿಮ್ಮಿಯ ಹಿಂದೆ ಇನ್ನೊಬ್ಬನ ಕೈ.

ಹೈಡೆಗರ್ ಪಾಠ ಮಾಡಿದ ಊರಿನಲ್ಲಿದ್ದುಕೊಂಡು ಉಪಕರಣದ ಬಗ್ಗೆ ಬರೆಯುವವರು ಅವನ ಸುತ್ತಿಗೆಯನ್ನು ದಾಟಿ ಹೋಗುವುದು ಕಷ್ಟ. ಕೆಲಸ ಸರಾಗವಾಗಿ ಸಾಗುವಾಗ ಸುತ್ತಿಗೆ ನಮ್ಮ ಗಮನದಿಂದ ಮರೆಯಾಗುತ್ತದೆ, ಮುರಿದಾಗಲೇ ಎದುರಿಗೆ ಬಂದು ನಿಲ್ಲುತ್ತದೆ ಎಂಬುದು 1927ರ ಅವನ ಪುಸ್ತಕದ ಪ್ರಸಿದ್ಧ ವಿಚಾರ. ಅಲ್ಲಿ ಬೇರೆಯವರು ಇಲ್ಲವೆಂದಲ್ಲ. ತಯಾರಾದ ವಸ್ತುವನ್ನು ತೊಡುವವರಾಗಿ, ಬಳಸುವವರಾಗಿ ಅವರು ಬರುತ್ತಾರೆ. ಸುತ್ತಿಗೆಯ ಕೆಳಗೆ ಬೆರಳಿಟ್ಟವರಾಗಿ ಬರುವುದಿಲ್ಲ. ಉಪಕರಣ ಮರೆಯಾದರೆ ಕುಶಲಿ ಗೆದ್ದಂತೆ ಎಂದು ನಾವು ಒಪ್ಪಿಕೊಳ್ಳಬಹುದು. 14 ಟನ್ ಬಲದ ಉಪಕರಣ ಮರೆಯಾದರೆ ಅದರ ಎದುರಿಗಿರುವ ಮನುಷ್ಯನೂ ಜೊತೆಗೆ ಮರೆಯಾಗುತ್ತಾನೆ.

ಇದೆಲ್ಲ ಯಂತ್ರ ತಯಾರಿಸುವವರಿಗೆ ಗೊತ್ತಿಲ್ಲವೆಂದಲ್ಲ. ಬೆಣೆಯಿಂದ ಸೀಳುವ ಯಂತ್ರಗಳಿಗೆ ಯೂರೋಪಿನಲ್ಲಿ ಇಎನ್ 609-1 ಎಂಬ ಮಾನದಂಡವಿದೆ. ಅದರ ಹೃದಯಭಾಗ ಎರಡು ಕೈಯ ನಿಯಂತ್ರಣ. ದಿಮ್ಮಿ ಇಟ್ಟು ಪಕ್ಕದಲ್ಲಿ ನಿಂತು ನಡೆಸುವ ಯಂತ್ರಗಳಲ್ಲಿ ಎರಡು ಲಿವರ್‌ಗಳಿರುತ್ತವೆ. ಎರಡನ್ನೂ ಒತ್ತಿ ಹಿಡಿದರೆ ಮಾತ್ರ ಬೆಣೆ ಚಲಿಸುತ್ತದೆ, ಒಂದು ಕೈ ತೆಗೆದರೂ ನಿಲ್ಲುತ್ತದೆ. ಎರಡೂ ಕೈ ಲಿವರ್ ಮೇಲಿದ್ದರೆ ಬೆಣೆಯಡಿ ಸಿಕ್ಕಲು ಮೂರನೇ ಕೈ ಇಲ್ಲ ಎಂಬ ಸರಳ ಲೆಕ್ಕ. ಅಮೆರಿಕದಲ್ಲಿ ಮಾರುವ ಅನೇಕ ಯಂತ್ರಗಳಲ್ಲಿ ಒಂದೇ ಲಿವರ್ ಇರುತ್ತದೆ. ಇನ್ನೊಂದು ಕೈ ಎಲ್ಲಿರಬೇಕೆಂಬುದು ಅದರ ಒಡೆಯನ ವಿವೇಕಕ್ಕೆ ಬಿಟ್ಟದ್ದು.

ಎರಡು ಲಿವರ್‌ನ ನಿಯಮವನ್ನು ಅವಮಾನವೆಂದು ತಿಳಿಯುವವರಿದ್ದಾರೆ. ಮೂವತ್ತು ವರ್ಷ ಸೌದೆ ಒಡೆದವನಿಗೆ ಕೈ ಎಲ್ಲಿಡಬೇಕೆಂದು ಕಬ್ಬಿಣ ಹೇಳಿಕೊಡಬೇಕೇ ಎಂಬುದು ಅವರ ವಾದ. ಓರೆಯಾಗಿ ನಿಲ್ಲುವ ದಿಮ್ಮಿಯನ್ನು ಹಿಡಿಯಲು ಒಂದು ಕೈ ಬೇಕೇ ಬೇಕು, ಹಾಗಾಗಿ ಒಂದು ಲಿವರ್‌ಗೆ ಹಗ್ಗವನ್ನೋ ರಬ್ಬರ್ ಪಟ್ಟಿಯನ್ನೋ ಕಟ್ಟಿ ಸದಾ ಒತ್ತಿರುವಂತೆ ಮಾಡಿಕೊಳ್ಳುತ್ತಾರೆ. ಆ ವಾದದಲ್ಲಿ ತಥ್ಯವಿದೆ. ಕೈ ಕಟ್ಟಿಹಾಕಿದ್ದರಿಂದ ಉಳಿದ ಬೆರಳು ಎಚ್ಚರಿಕೆಯ ಗುಣಕ್ಕೆ ಸಾಕ್ಷಿಯಲ್ಲ. ಹಾಗೆಂದು ದಿನದ ಎಂಟನೇ ಗಂಟೆಯಲ್ಲೂ ಮೊದಲ ಗಂಟೆಯ ಎಚ್ಚರ ಉಳಿಯುತ್ತದೆ ಎಂದು ಹೇಳುವುದು ಮನುಷ್ಯನ ಬಗ್ಗೆ ಗೌರವವೇನಲ್ಲ, ಅವನ ದಣಿವಿನ ಬಗ್ಗೆ ಮರೆವು. ನನಗೆ ಎರಡು ಲಿವರ್‌ನ ನಿಯಮದ ಬಗ್ಗೆ ಇರುವ ತಕರಾರು ಬೇರೆಯದು. ಅದು ಕಾಯುವುದು ಲಿವರ್ ಒತ್ತುವವನ ಕೈಯನ್ನು ಮಾತ್ರ. ಪಕ್ಕದವನಿಗೂ ಎರಡು ಕೈಗಳಿವೆ, ಅವು ಲೆಕ್ಕದಲ್ಲಿ ಇಲ್ಲ.

ಲೋಡರಿನ ಯಂತ್ರಕ್ಕೆ ಬಂದರೆ ಈ ಅಂತರ ಇನ್ನೂ ದೊಡ್ಡದು. ಚಾಲಕನಿಗೆ ಎರಡು ಲಿವರ್‌ನ ಅಗತ್ಯವೇ ಇಲ್ಲ. ಸೀಟಿನಲ್ಲಿ ಕೂತವನ ಕೈ ಬೆಣೆಯನ್ನು ತಲುಪುವುದೇ ಇಲ್ಲ. ಅವನ ಮಟ್ಟಿಗೆ ಕ್ಯಾಬಿನ್ನೇ ರಕ್ಷಣೆ. ಬಲ ಅಷ್ಟೇ ಇದೆ, ಬಲ ನಡೆಸುವವನ ಅಪಾಯ ಮಾತ್ರ ತುಂಬ ಇಳಿದಿದೆ. ಉಳಿದ ಅಪಾಯವೆಲ್ಲ ನೆಲದ ಮೇಲೆ ನಿಂತವನ ಪಾಲಿಗೆ ಹೋಗಿದೆ.

ಹಾಗಾದರೆ ಯಂತ್ರವನ್ನೇ ಇನ್ನೂ ಚೆನ್ನಾಗಿ ತಯಾರಿಸಬಹುದಲ್ಲ ಎಂದು ಕೇಳಬಹುದು. ಖಂಡಿತ ಮಾಡಬೇಕು. ನಮ್ಮ ದೇಶದ್ದೇ ಒಂದು ಉದಾಹರಣೆಯಿದೆ. ಒಕ್ಕಣೆ ಯಂತ್ರಕ್ಕೆ ಪೈರಿನ ಕಂತೆ ಹಾಕುವ ಕೂಲಿಗಳ ಕೈಗಳು ಒಳಗೆ ಸಿಕ್ಕಿ ಹೋಗುವುದು ಹೆಚ್ಚಾದಾಗ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆ ಎಂಬುದು 1983ರಲ್ಲಿ ಬಂತು. ಗಾಯಗೊಂಡವರಿಗೆ ಪರಿಹಾರದ ಮಾತೂ ಅದರಲ್ಲಿದೆ. ಕಂತೆ ಹಾಕುವ ಬಾಯಿಯನ್ನು ಉದ್ದಮಾಡಿ ಮುಚ್ಚಿದರೆ ಹಲ್ಲಿನವರೆಗೆ ಕೈ ತಲುಪದು. ಇದು ಒಳ್ಳೆಯ ಉಪಾಯ. ಕೈ ಯಾರದ್ದೇ ಆಗಿರಲಿ, ಅದನ್ನು ಕಾಯುತ್ತದೆ. ಆದರೆ ಲೋಡರಿನ ಸೀಳುಯಂತ್ರದ ಪ್ರಯೋಜನ ಇರುವುದೇ ಅದು ಬಾಯಿ ತೆರೆದು ಎಲ್ಲಿ ಬೇಕಾದರೂ ಹೋಗಿ ದಿಮ್ಮಿ ಕಚ್ಚಿಕೊಳ್ಳುತ್ತದೆ ಎಂಬುದರಲ್ಲಿ. ಪೂರ್ತಿ ಮುಚ್ಚಿದರೆ ಅದು ಆ ಕೆಲಸ ಮಾಡದು. ಕೆಲವು ಬಲಗಳಿಗೆ ಬೇಲಿ ಹಾಕಬಹುದು. ಬೇಲಿ ಹಾಕಲಾಗದ ಬಲದ ಪಕ್ಕದಲ್ಲಿ ನಿಂತವನನ್ನು ಕಾಯುವುದು ಬಲ ನಡೆಸುವವನ ನೋಟ ಒಂದೇ.

ಇಲ್ಲಿ ಮತ್ತೆ ವ್ಯಾಕರಣ ನೆರವಿಗೆ ಬರುತ್ತದೆ. ಕನ್ನಡದಲ್ಲಿ ಸೀಳು ಎಂಬ ಧಾತುವಿಗೆ 'ಇಸು' ಸೇರಿಸಿದರೆ ಸೀಳಿಸು. ಮಾಡು ಮಾಡಿಸು, ಎತ್ತು ಎತ್ತಿಸು. ಸೀಟಿನಲ್ಲಿ ಕೂತವನು ಸೀಳುತ್ತಾನೋ ಸೀಳಿಸುತ್ತಾನೋ? ಮೈ ನೋಯದ ಕೆಲಸವನ್ನು ನಾವು ಸಲೀಸಾಗಿ 'ಇಸು' ಕಡೆಗೆ ತಳ್ಳುತ್ತೇವೆ, ನಾನು ಮಾಡಿಲ್ಲ, ಯಂತ್ರ ಮಾಡಿತು, ನಾನು ಮಾಡಿಸಿದೆ ಅಷ್ಟೇ ಎಂದು. ಪಾಣಿನಿ ಈ ದಾರಿಯನ್ನು ಮೊದಲೇ ಮುಚ್ಚಿದ್ದಾನೆ. ಅವನ ಪ್ರಕಾರ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಆ ಕರ್ತೃವನ್ನು ಪ್ರೇರಿಸುವವನಿಗೂ ಕರ್ತೃವೆಂಬ ಹೆಸರೇ ಸಲ್ಲುತ್ತದೆ. ಮಾಡಿಸಿದವನು ಮಾಡಿದವನಾಗಿಯೇ ಉಳಿಯುತ್ತಾನೆ. ಪಾಣಿನಿ ಹೇಳಹೊರಟದ್ದು ಪದಗಳ ವ್ಯವಸ್ಥೆಯನ್ನು, ನೀತಿಯನ್ನಲ್ಲ, ಗೊತ್ತು. ಆದರೂ ಆ 'ಸ್ವತಂತ್ರ' ಎಂಬ ಪದವನ್ನು ಸೌದೆಯ ರಾಶಿಯ ಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆಯುವ ಅರ್ಥ ಒಂದಿದೆ: ನಿಲ್ಲಿಸಬಲ್ಲವನು ಸ್ವತಂತ್ರ. ಎಣ್ಣೆ ತಾನಾಗಿ ನಿಲ್ಲದು. ಬೆಣೆ ನಿಲ್ಲದು. ದಿಮ್ಮಿ ಹಿಡಿದವನು ಕೂಗಬಲ್ಲ, ನಿಲ್ಲಿಸಲಾರ. ನಿಲ್ಲಿಸಲು ಸಾಧ್ಯವಿರುವುದು ಲಿವರ್ ಹಿಡಿದವನಿಗೆ, ಆದ್ದರಿಂದ ಅವನೇ ಕರ್ತೃ. ಕೈ ಇಟ್ಟದ್ದು ಅವನದೇ ತಪ್ಪು ಎಂಬ ಮಾತು ಅಪಘಾತದ ನಂತರ ಎಲ್ಲ ಕಡೆಯೂ ಕೇಳಿಬರುತ್ತದೆ. ಕೈ ಇಟ್ಟವನು ಅವಿವೇಕಿ ಆಗಿದ್ದಿರಬಹುದು. ಬೆಣೆಯನ್ನು ಚಲಿಸಿದವನು ಅವನಲ್ಲ.

ಈ ಅಳತೆಗೋಲನ್ನು ಇನ್ನೂ ಸ್ವಲ್ಪ ದೂರ ಒಯ್ಯಬೇಕು. ಲಿವರ್‌ಗೆ ಹಗ್ಗ ಕಟ್ಟುವವನು ಎಷ್ಟೋ ಸಲ ಸ್ಟೆರ್ ಲೆಕ್ಕದಲ್ಲಿ ಕೂಲಿ ಪಡೆಯುವವನು. ಪ್ರತಿ ದಿಮ್ಮಿಗೂ ಇಳಿದು ಹತ್ತಿ ಮಾಡಿದರೆ ದಿನದ ಸಂಬಳ ಕರಗುತ್ತದೆ. ಸಿಮೋನ್ ವೇಯ್ ಎಂಬ ಫ್ರೆಂಚ್ ತತ್ತ್ವಶಾಸ್ತ್ರಜ್ಞೆ ಅಧ್ಯಾಪಕಿಯ ಕೆಲಸಕ್ಕೆ ರಜೆ ಹಾಕಿ 1934ರ ಡಿಸೆಂಬರಿನಿಂದ 1935ರ ಆಗಸ್ಟಿನವರೆಗೆ ಪ್ಯಾರಿಸ್ಸಿನ ಕಾರ್ಖಾನೆಗಳಲ್ಲಿ ದುಡಿದರು, ಕೊನೆಯ ತಿಂಗಳುಗಳಲ್ಲಿ ರೆನೋ ಕಂಪನಿಯಲ್ಲಿ. ತುಂಡಿನ ಲೆಕ್ಕದ ಕೂಲಿ ಮತ್ತು ಅದು ಹೇರುವ ವೇಗ ಮನುಷ್ಯನ ಆಲೋಚನೆಯನ್ನೇ ಹೇಗೆ ಅಳಿಸಿಹಾಕುತ್ತದೆ ಎಂಬುದನ್ನು ಅವರು ದಿನಚರಿಯಲ್ಲಿ ಬರೆದಿಟ್ಟರು. ಮುಂದೆ, ಇನ್ನೊಬ್ಬರ ಕಡೆಗೆ ಪೂರ್ತಿ ಗಮನ ಕೊಡಬಲ್ಲವರಾಗುವುದೇ ನೆರೆಯವರ ಮೇಲಿನ ಪ್ರೀತಿ ಎಂಬ ನಿಲುವಿಗೆ ಅವರು ಬಂದದ್ದಕ್ಕೂ ಆ ತಿಂಗಳುಗಳಿಗೂ ಸಂಬಂಧವಿದೆ ಎಂದು ನಾನು ಓದಿಕೊಳ್ಳುತ್ತೇನೆ. ಗಮನ ಬರಿಯ ಮನಸ್ಸಿನ ಗುಣವಲ್ಲ, ಅದಕ್ಕೆ ಸಮಯ ಬೇಕು. ಸಮಯಕ್ಕೆ ಯಾರೋ ದುಡ್ಡು ಕೊಡಬೇಕು. ಸ್ಟೆರ್‌ಗೆ ಇಷ್ಟೇ ಎಂದು ದರ ಕಟ್ಟುವ ಗುತ್ತಿಗೆದಾರನೂ ನಿಲ್ಲಿಸಬಲ್ಲವನೇ, ಬೇಕಾದರೆ ದರ ಬದಲಿಸಬಲ್ಲ. ಹಾಗಾಗಿ 'ಇಸು' ಅವನನ್ನೂ ಬಿಡುವುದಿಲ್ಲ.

ಇದಕ್ಕೆ ಯಂತ್ರದ ಕೈಪಿಡಿಗಳು ಕೊಡುವ ಪರಿಹಾರ ಚಿಕ್ಕದು: ಒಬ್ಬನೇ ಕೆಲಸ ಮಾಡಿ. ದಿಮ್ಮಿ ಇಡುವವನೂ ಲಿವರ್ ಒತ್ತುವವನೂ ಒಬ್ಬನೇ ಇರಲಿ. ಬುದ್ಧಿವಂತ ಸಲಹೆ, ಪಾಲಿಸಬೇಕಾದದ್ದು. ಆದರೆ ಅದರಲ್ಲಿ ವಿಷಾದವೂ ಇದೆ. ಸೌದೆ ಒಡೆಯುವುದು ಎಲ್ಲೆಡೆಯೂ ಮಾತಾಡುತ್ತ, ಕೈ ಬದಲಿಸುತ್ತ ಮಾಡುವ ಕೆಲಸವಾಗಿತ್ತು. ಈಗ ಜೊತೆಗಾರ ಎಂದರೆ ಅಪಾಯ. ಇದೇ ಕಾಡಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕಾಣುವ ಇನ್ನೊಂದು ನಿಯಮವೂ ಇದೆ. ಜರ್ಮನಿಯಲ್ಲಿ ಮರ ಕಡಿಯಲು ಮೋಟಾರ್ ಗರಗಸ ಹಿಡಿದು ಕಾಡಿಗೆ ಹೋಗುವ ಕೂಲಿಯವರು ಒಂಟಿಯಾಗಿ ಕೆಲಸ ಮಾಡುವಂತಿಲ್ಲ. ನೋಟಕ್ಕೋ ಕೂಗಿಗೋ ಸಿಗುವಂತೆ ಇನ್ನೊಬ್ಬರಿರಬೇಕು. ಮೈ ಕತ್ತರಿಸಿಕೊಂಡವನು ಒಬ್ಬನೇ ಇದ್ದರೆ ರಕ್ತ ಸೋರಿ ಸಾಯುತ್ತಾನೆ. ಒಂದು ನಿಯಮ ಹತ್ತಿರ ಬರಬೇಡ ಎನ್ನುತ್ತದೆ, ಇನ್ನೊಂದು ದೂರ ಹೋಗಬೇಡ ಎನ್ನುತ್ತದೆ. ಎರಡನ್ನೂ ಕೂಡಿಸಿದರೆ ಸಿಗುವ ಜಾಗ ಇದು: ಕೂಗಿದರೆ ಕೇಳುವಷ್ಟು ಹತ್ತಿರ, ಚಾಚಿದರೆ ಕೈ ತಲುಪದಷ್ಟು ದೂರ.

ನಾನಿರುವ ಮನೆಯ ಯಜಮಾನರು ಎಪ್ಪತ್ತರ ಆಸುಪಾಸಿನ ರೈತ. ಅವರು ಲೋಡರಿನಲ್ಲಿ ಸೌದೆ ಸೀಳುವಾಗ ಚೂರುಗಳನ್ನು ಪೇರಿಸುವ ಕೆಲಸ ನನ್ನದು. ನಾನು ರಾಶಿಯ ಕಡೆಗೆ ಒಂದು ಹೆಜ್ಜೆ ಇಟ್ಟ ಕೂಡಲೇ ಅವರು ತೋಳನ್ನು ನೆಲಕ್ಕೆ ಇಳಿಸಿ, ಎಂಜಿನ್ ನಿಲ್ಲಿಸಿ, ಗಾಜಿನ ಹಿಂದಿನಿಂದ ಎರಡೂ ಅಂಗೈಗಳನ್ನು ಎತ್ತಿ ನನಗೆ ತೋರಿಸುತ್ತಾರೆ. ನಾನು ಚೂರುಗಳನ್ನು ಬಾಚಿಕೊಂಡು ಹಿಂದೆ ಸರಿಯುವವರೆಗೂ ಆ ಕೈಗಳು ಹಾಗೇ ಇರುತ್ತವೆ. ಇದರಿಂದ ಕೆಲಸ ನಿಧಾನವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಆಗುತ್ತದೆ" ಎಂದರು, ಅಷ್ಟೇ.

ಆ ಅಂಗೈಗಳನ್ನು ನಾನು ಮಾನದಂಡದ ಎರಡು ಲಿವರ್‌ಗಳ ಜೊತೆಗಿಟ್ಟು ಯೋಚಿಸುತ್ತೇನೆ. ಲಿವರ್ ಮೇಲೆ ಕಟ್ಟಿಹಾಕಿದ ಎರಡು ಕೈ ತನ್ನನ್ನು ಕಾಯುತ್ತದೆ. ಅದನ್ನು ಕಾರ್ಖಾನೆಯಲ್ಲಿ ತಯಾರಿಸಬಹುದು, ಕಾನೂನಿನಿಂದ ಕಡ್ಡಾಯ ಮಾಡಬಹುದು. ಬರಿದಾಗಿ ಎತ್ತಿ ತೋರಿಸಿದ ಎರಡು ಕೈ ಇನ್ನೊಬ್ಬನನ್ನು ಕಾಯುತ್ತದೆ. ಅದನ್ನು ಯಾವ ಯಂತ್ರಕ್ಕೂ ಜೋಡಿಸಿ ಕಳಿಸಲಾಗದು. ಪ್ರತಿ ಸಲವೂ ಒಬ್ಬ ಮನುಷ್ಯ ಮತ್ತೆ ಮಾಡಬೇಕು, ನೂರನೇ ದಿಮ್ಮಿಗೂ, ಕತ್ತಲಾಗುತ್ತ ಬಂದಾಗಲೂ. ಬಲ ನಮ್ಮ ಕೈಗೆ ಬಂದ ಕಡೆಗಳಲ್ಲೆಲ್ಲ, ಅದು ಟ್ರ್ಯಾಕ್ಟರ್ ಇರಲಿ, ಅಧಿಕಾರದ ಕುರ್ಚಿ ಇರಲಿ, ಮಾಡಿದ್ದು ನಾನಲ್ಲ ಎನ್ನಲು ನಮಗೆ ಹಲವು ಕರಣಗಳು ಸಿಗುತ್ತವೆ. ಎದುರಿಗಿರುವವನಿಗೆ ತಿಳಿಯಬೇಕಾದದ್ದು ಒಂದೇ ಸಂಗತಿ: ನಾನು ಹತ್ತಿರ ಬಂದರೆ ಇವನು ನಿಲ್ಲಿಸುತ್ತಾನೋ ಇಲ್ಲವೋ.